ಬೀಗದಣ್ಣ ಹರಿದ ಚೀಟಿ

ನಮ್ಮ ಬೀದಿಯ ಬೀಗ ರಿಪೇರಿಯವರನ್ನು ಎಲ್ಲರೂ ಕರೆಯುವುದು ಬೀಗದಣ್ಣ ಎಂದೇ. ಮೂವತ್ತು ವರ್ಷಗಳಲ್ಲಿ ಅವರ ಕೈಗೆ ಬಗ್ಗದ ಬೀಗವಿಲ್ಲ. ಗಿರಾಕಿಗೆ ಕೀಲಿಕೈ ಒಪ್ಪಿಸಿದ ಮರುಕ್ಷಣ, ಅದರ ಅಳತೆ ಬರೆದ ಚೀಟಿಯನ್ನು ಚೂರುಚೂರು ಮಾಡಿ ಕಸಕ್ಕೆ ಹಾಕುವುದು ಅವರ ಪದ್ಧತಿ. "ಅಳತೆ ಇಟ್ಕೊಂಡೋನು ಬೀಗದೋನಲ್ಲ, ಕಳ್ಳನ ಪಾಲುದಾರ" ಎಂದು ಬೀಗುತ್ತಾರೆ.

ಅವರ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಹೆಂಡತಿಯ ಇನ್ನೂರು ಕಸೂತಿ ವಿನ್ಯಾಸಗಳಿದ್ದವು. ಸೋಮವಾರ ಅವನ್ನು ಬಟ್ಟೆ ಅಂಗಡಿಗೆ ತೋರಿಸಬೇಕು. ಒಪ್ಪಿದರೆ ಆಕೆಯ ಮೊದಲ ದೊಡ್ಡ ಆರ್ಡರು. ಕಂಪ್ಯೂಟರ್ ಒಂದು ಹೂವು ತೋರಿಸುವಷ್ಟರಲ್ಲಿ ಆಕೆ ಅದನ್ನು ಹೊಲಿದೇ ಮುಗಿಸುತ್ತಿದ್ದರು.

ಔಷಧಿ ಅಂಗಡಿಯಲ್ಲಿರುವ ಭಾವಮೈದ ಪೆನ್‌ಡ್ರೈವ್ ತಂದ. "ವಿಂಡೋಸ್ ತೆಗೆದು ಈ ಲಿನಕ್ಸ್ ಹಾಕಿ ಭಾವ. ಪುಕ್ಕಟೆ. ಕುದುರೆ ಥರ ಓಡುತ್ತೆ."

"ಕದ್ದಿದ್ದೇನೋ?"

"ಛೇ! ಮಾಡಿದೋರೇ ಹಂಚ್ತಾರೆ. ಬೇಕಾದ್ರೆ ಒಳಗೇನಿದೆ ಅಂತ ಬಿಚ್ಚಿ ನೋಡಿ ಅಂತಾರೆ."

ಬಿಚ್ಚಿ ನೋಡಿ ಎಂದರೆ ಬೀಗದಣ್ಣ ಬಿಡುವುದುಂಟೇ? ಭಾನುವಾರ ವಿನ್ಯಾಸಗಳನ್ನೆಲ್ಲ ಇನ್ನೊಂದು ಪೆನ್‌ಡ್ರೈವಿಗೆ ತುಂಬಿಸಿ ಕೂತರು. ನಡುವೆ ಪರದೆ ಕೇಳಿತು: ಡಿಸ್ಕಿಗೆ ಬೀಗ ಹಾಕಬೇಕೆ? ಪಾಸ್‌ವರ್ಡ್ ಮರೆತರೆ ಯಾರಿಂದಲೂ ತೆರೆಯಲಾಗದು!

"ಬೀಗ ಅಂದ್ರೆ ಇದು ಕಣೇ!" ಎಂದು ಹೆಂಡತಿಯನ್ನು ಕೂಗಿ ಕರೆದು ತೋರಿಸಿದರು. ಇಪ್ಪತ್ತಾರು ಅಕ್ಷರಗಳ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ನೋಡಿ ನೋಡಿ ಒತ್ತಿದರು. ವಿನ್ಯಾಸಗಳು ಮತ್ತೆ ಒಳಗೆ ಬಂದವು. ಕಂಪ್ಯೂಟರ್ ನಿಜವಾಗಿಯೂ ಓಡಿತು. ಕೆಲಸ ಮುಗಿಯಿತಲ್ಲ, ಪೆನ್‌ಡ್ರೈವಿನಲ್ಲಿದ್ದ ನಕಲನ್ನು ಅಳಿಸಿದರು, ಚೀಟಿಯನ್ನು ಚೂರುಚೂರು ಮಾಡಿದರು.

ಸೋಮವಾರ ಬೆಳಿಗ್ಗೆ ಕಸದ ಗಾಡಿ ಹೋದ ಮೇಲೆ ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ಬೀಗದಣ್ಣ ನೆನಪಾದದ್ದನ್ನೆಲ್ಲ ಒತ್ತಿದರು. ತಿಜೋರಿಗೆ ಕಿವಿಗೊಡುವಂತೆ ಪೆಟ್ಟಿಗೆಗೆ ಕಿವಿ ಹಚ್ಚಿದರು. ಕೊನೆಗೆ ಭಾವಮೈದನಿಗೆ ಫೋನ್.

"ಚೀಟಿ ಹರಿದ್ರಾ? ಯಾಕೆ ಭಾವ?"

"ಕೆಲಸ ಮುಗಿದಿತ್ತಲ್ಲಪ್ಪ... ಬೇರೆ ದಾರಿ ಇಲ್ವಾ?"

"ಇಲ್ಲ. ಅದೇ ಅದರ ಹೆಚ್ಚುಗಾರಿಕೆ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಹೆಂಡತಿ ಒಳಗೆ ಬಂದರು. ಹೊಲಿಗೆ ಯಂತ್ರದ ಖಾನೆಯಿಂದ ದಾರದ ಡಬ್ಬಿ ತೆಗೆದು, ತಳದಲ್ಲಿದ್ದ ಪೆನ್‌ಡ್ರೈವ್ ಎತ್ತಿಕೊಂಡರು.

"ಶನಿವಾರಾನೇ ನಕಲು ಮಾಡಿಟ್ಕೊಂಡೆ."

"ನನಗೆ ಹೇಳೋದಲ್ವಾ?"

"ಹೇಳಿದ್ರೆ ಇದನ್ನೂ ಅಳಿಸಿಬಿಡ್ತಿದ್ರಿ."

ಮಧ್ಯಾಹ್ನ ಆಕೆ ಆರ್ಡರು ಹಿಡಿದೇ ಬಂದರು. ಅಷ್ಟರಲ್ಲಿ ಬೀಗದಣ್ಣ ಜೀವಮಾನದಲ್ಲಿ ಮಾಡದ್ದನ್ನು ಮಾಡಿದ್ದರು: ತಮ್ಮದೇ ಬೀರುವಿಗೆ ಎರಡನೆಯ ಕೀಲಿಕೈ. "ತಗೋ, ನಿನ್ ಹತ್ರಾನೂ ಒಂದಿರಲಿ" ಎಂದು ಉದಾರವಾಗಿ ನೀಡಿದರು.

ಆಕೆ ಅದನ್ನು ದಾರದ ಡಬ್ಬಿಗೆ ಹಾಕಿದಾಗ ಠಣ್ಣೆಂದಿತು. ಅಲ್ಲಿ ಅಂಥದೇ ಇನ್ನೊಂದು ಮೊದಲೇ ಇತ್ತು.

"ಇದನ್ಯಾರು ಮಾಡಿದ್ದು?"

"ಆಚೆ ಬೀದಿ ಬೀಗದೋನು. ಅಳತೆ ಇಟ್ಕೊಂಡಿದಾನಂತೆ. ಕಳೆದ್ರೆ ಹೇಳಿ ಅಕ್ಕಾ, ಇನ್ನೊಂದು ಮಾಡ್ಕೊಡ್ತೀನಿ ಅಂದ."