ಬೈದವರಿಗೇ ಕೆಲಸ ಕೊಡುವ ಹುಡುಕಮ್ಮ

ಬೆಳಗಿನ ಐದೂವರೆ. ಒಲೆಯ ಮೇಲೆ ಹಾಲು, ಹುಡುಕಮ್ಮನ ಕಿವಿಯಲ್ಲಿ ಫೋನು. "ನಿಮ್ಮ ಇಂಗ್ಲಿಷು ಬಹಳ ಚೆನ್ನಾಗಿದೆ. ಆದ್ರೆ ಈ ಕೆಲಸ ನಿಮಗೆ ಕೊಡಕ್ಕಾಗಲ್ಲ, ಬೇಜಾರು ಮಾಡ್ಕೋಬೇಡಿ." ಪಟ್ಟಿಯ ಹದಿನೆಂಟನೇ ಹೆಸರಿಗೂ ಗೀಟು ಬೀಳುತ್ತದೆ. ಅಷ್ಟರಲ್ಲಿ ಹಾಲು ಉಕ್ಕುತ್ತದೆ. "ಮನೆ ಮುಳುಗಿದ್ರೂ ಇವಳು ಫೋನ್ ಇಡಲ್ಲ," ಎನ್ನುತ್ತಾ ಯಜಮಾನರು ಒಲೆ ಆರಿಸುತ್ತಾರೆ.

ಕಚೇರಿಯಲ್ಲಿ ಎಲ್ಲರಿಗೂ ಇವರು ಹುಡುಕಮ್ಮ. ಕ್ಯಾನ್ಸರ್ ಔಷಧಿಗಳ ಬಗೆಗಿನ ಫ್ರೆಂಚ್ ಬರಹಗಳನ್ನು ಇಂಗ್ಲಿಷಿಗೆ ತರಬಲ್ಲವರನ್ನು ಹುಡುಕುವುದು ಇವರ ಕೆಲಸ. ಹನ್ನೊಂದು ವರ್ಷ, ಮುನ್ನೂರಕ್ಕೂ ಹೆಚ್ಚು ಬರಹ. ಒಂದರ ಮೇಲೂ ಇವರ ಹೆಸರಿಲ್ಲ. ಇವರ ಬಗ್ಗೆ ಬರೆಯಲು ಬಂದ ನಾನು, ಎರಡು ಭಾಷೆ ಬಂದರೆ ಸಾಲದೇ ಎಂದು ಕೇಳಿ ಬೈಸಿಕೊಂಡೆ. "ಭಾಷೆ ಬರೋರು ಬೀದಿಗೊಬ್ಬರು ಸಿಗ್ತಾರೆ ಸ್ವಾಮಿ. ನನಗೆ ಅನುಮಾನ ಬರೋರು ಬೇಕು!"

ಮೊದಲ ವರ್ಷ ಒಬ್ಬರ ಚೆಂದದ ಇಂಗ್ಲಿಷಿಗೆ ಮರುಳಾಗಿ ಕೆಲಸ ಕೊಟ್ಟಿದ್ದರು. ಅಚ್ಚಿನ ತಪ್ಪಿನಿಂದ ಮೂಲದಲ್ಲಿ ಔಷಧಿಯ ಪ್ರಮಾಣ ಹತ್ತು ಪಟ್ಟಾಗಿತ್ತು. ಆತ ಅದನ್ನು ಹಾಗೇ ಇಳಿಸಿಬಿಟ್ಟ. ವೈದ್ಯರ ಕಣ್ಣಿಗೆ ಬಿದ್ದದ್ದು ಪುಣ್ಯ. "ಮೂರು ದಿನ ನನಗೆ ಊಟ ಸೇರಲಿಲ್ಲ." ಅಂದಿನಿಂದ ಪರೀಕ್ಷೆಯ ಹಾಳೆಯಲ್ಲಿ ಬೇಕೆಂದೇ ಒಂದು ತಪ್ಪು ಪ್ರಮಾಣ ಹಾಕಿಸುತ್ತಾರೆ. ತೆಪ್ಪಗೆ ಅನುವಾದಿಸಿ ಕಳಿಸಿದವರು ಹೊರಗೆ, ಇದೇನಿದು ಎಂದು ಕೇಳಿದವರು ಒಳಗೆ.

ನಾನು ಇವರ ಮನೆಗೆ ಹೋಗಿದ್ದ ಆ ವಾರ ಭಾರೀ ಅವಸರ. ಆಸ್ಪತ್ರೆಯಲ್ಲಿರುವ ಒಬ್ಬ ಬಸ್ ಚಾಲಕಿಗೆ ಮಾಮೂಲಿ ಔಷಧಿಗಳೆಲ್ಲ ಕೈಕೊಟ್ಟಿವೆ. ಹೊಸ ಔಷಧಿಯ ನಲವತ್ತು ಪುಟದ ವರದಿ ಫ್ರೆಂಚಿನಲ್ಲಿದೆ. ವೈದ್ಯರು ಅದನ್ನು ಓದಿ ಸೋಮವಾರ ತೀರ್ಮಾನಿಸಬೇಕು. ಇವತ್ತು ಬುಧವಾರ.

ಏಳಕ್ಕೆ ಫೋನು. ಆ ಕಡೆಯ ಕೂಗಾಟ ನನಗೂ ಕೇಳಿಸುತ್ತದೆ. "ಯಾರ್ರೀ ಈ ಪರೀಕ್ಷೆ ಹಾಳೆ ಬರೆದಿದ್ದು? ಇಷ್ಟು ಔಷಧಿ ಕೊಟ್ರೆ ಆನೆನೂ ಉಳಿಯಲ್ಲ! ಸರಿ ಮಾಡೋವರೆಗೂ ನಾನು ಒಂದಕ್ಷರ ಮುಟ್ಟಲ್ಲ!" ಆಕೆ ಕ್ಯಾನ್ಸರ್ ವಾರ್ಡಿನಲ್ಲಿ ಇಪ್ಪತ್ತು ವರ್ಷ ದುಡಿದು ನಿವೃತ್ತರಾದ, ಫ್ರೆಂಚ್ ಬಲ್ಲ ನರ್ಸು. ಹುಡುಕಮ್ಮ ಸೌಟು ಹಿಡಿದೇ ಕುಣಿಯುತ್ತಾರೆ. "ಬೈಯ್ರಿ ಅಕ್ಕಾ, ಇನ್ನೂ ಬೈಯ್ರಿ! ನಿಮ್ಮನ್ನೇ ಹುಡುಕ್ತಿದ್ದೆ!"

ಭಾನುವಾರ ಮಧ್ಯಾಹ್ನಕ್ಕೇ ವರದಿಯ ಅನುವಾದ ಸಿದ್ಧ. ಮೂಲದ ಮೂವತ್ತೊಂದನೇ ಪುಟದಲ್ಲಿ ನಿಜವಾದ ತಪ್ಪೊಂದನ್ನೂ ಅಕ್ಕ ಹಿಡಿದಿದ್ದರು, ಬರೆದವರಿಂದಲೇ ತಿದ್ದಿಸಿದ್ದರು. ಸೋಮವಾರ ಹೊಸ ಔಷಧಿ ಶುರುವಾಯಿತು.

ಏಳು ತಿಂಗಳ ಮೇಲೆ ಮೊನ್ನೆ ಮತ್ತೆ ಹೋದೆ. ಹುಡುಕಮ್ಮ ನನ್ನನ್ನು ಕಚೇರಿಗೆ ಬಸ್ಸಿನಲ್ಲೇ ಕರೆದೊಯ್ದರು. ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿಸಿದರು, ಮುಂದಿನ ಸೀಟೇ ಬೇಕೆಂದರು. ಸ್ಟೇರಿಂಗ್ ಹಿಂದೆ ಅದೇ ಚಾಲಕಿ ಎಂದು ಕಿವಿಯಲ್ಲಿ ಹೇಳಿದರು. ಕೂದಲು ಈಗಷ್ಟೇ ಚಿಗುರಿದೆ. ಅಡ್ಡ ಬಂದ ಲಾರಿಯವನಿಗೆ ಗಟ್ಟಿಯಾಗಿ ಬೈಯುತ್ತಿದ್ದಾರೆ. ನನ್ನ ಕಣ್ಣು ಒದ್ದೆಯಾಯಿತು, ಮುಚ್ಚಿಡುವುದೇನು?

"ನೀವ್ಯಾರು ಅಂತ ಅವರಿಗೆ ಹೇಳಲಿಲ್ವಾ?"

"ಏನಂತ ಹೇಳೋದು? ಅವರು ಓಡಿಸ್ತಿದ್ದಾರೆ, ನಾನು ಕೂತಿದ್ದೀನಿ. ಸಾಕಲ್ವಾ?"