ನಮ್ಮಪ್ಪನೂ ಇಟಲಿಯ ಆ ಸಾಹುಕಾರನೂ

ರಾಣೆಬೆನ್ನೂರಿನ ಕಾಲೇಜಿನಲ್ಲಿ ನಾನು ಪ್ರತಿವರ್ಷ ಇಟಲಿಯ ಒಬ್ಬ ಸಾಹುಕಾರನ ಕಥೆ ಹೇಳುತ್ತೇನೆ. ಪುನರುಜ್ಜೀವನ ಕಾಲದವನು. ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಸೇರಿ ಎಷ್ಟೋ ಕಾಲವಾದ ಮೇಲೆ, ತಾನು ಅಲ್ಲಿನ ಬೈಜಾಂಟಿಯನ್ ಸಾಮ್ರಾಟರ ಕುಡಿ ಎನ್ನುತ್ತ, ಇಲ್ಲದ ರಾಜ್ಯದ ಬಿರುದುಗಳನ್ನು ಹಂಚುತ್ತಿದ್ದ. ಹುಡುಗರು ನಗುತ್ತಾರೆ, ನಾನೂ ನಗುತ್ತೇನೆ. ಸಂಜೆ ಬ್ಯಾಡಗಿಗೆ ಬಂದರೆ ಅಂಥವನೇ ಒಬ್ಬ ನಮ್ಮ ಕಟ್ಟೆಯ ಮೇಲೆ ಕೂತಿರುತ್ತಿದ್ದ, ನಮ್ಮಪ್ಪ.

ನಾವು ಗುತ್ತಲದ ಅರಸರ ಪೈಕಿ ಎಂಬುದು ಅಪ್ಪನ ಮಾತು. ಆ ಅರಸರೋ, ತಾವು ಉಜ್ಜಯಿನಿಯ ಚಕ್ರವರ್ತಿಗಳ ವಂಶ ಎಂದು ಹೇಳಿಕೊಂಡವರು. ಹೀಗಾಗಿ ಮೆಣಸಿನಕಾಯಿ ದಲಾಲಿ ಮಾಡುವ ನಮ್ಮ ಮನೆಗೂ ಉಜ್ಜಯಿನಿಗೂ ನಂಟು! ಸುಳ್ಳೆನ್ನಲು ನನ್ನಲ್ಲಿ ಪುರಾವೆ ಇಲ್ಲ, ಖರೆ ಎನ್ನಲು ಅವನಲ್ಲಿ ಇಲ್ಲ. ಇಷ್ಟು ವರ್ಷ ಇತಿಹಾಸ ಕಲಿಸಿದವನಿಗೆ ಇದೆಂಥ ಪಜೀತಿ ನೋಡಿ.

ಹೋದ ವರ್ಷ ಮಗಳಿಗೆ ಹಾವೇರಿಯ ಹುಡುಗ ಗೊತ್ತಾದ. ಇಬ್ಬರೂ ಮೆಚ್ಚಿಕೊಂಡಿದ್ದರು. ಗೋತ್ರವಿದ್ದಂತೆ ನಮ್ಮಲ್ಲಿ ಬೆಡಗು; ಒಂದೇ ಬೆಡಗಿನವರಾದರೆ ಅಣ್ಣತಂಗಿ ಲೆಕ್ಕ, ಮದುವೆಯ ಮಾತೇ ಇಲ್ಲ. ಅದನ್ನೂ ಕೇಳಿದ್ದಾಯಿತು, ಬೇರೆ ಬೇರೆ ಇದ್ದವು. ನಿಶ್ಚಯದ ದಿನ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಅಪ್ಪ ಶುರು ಹಚ್ಚಿದ, "ನಾವು ಗುತ್ತಲದ ಅರಸರ ಪೈಕಿರಿ."

ಹುಡುಗನ ಅಜ್ಜ ತಟ್ಟೆಗೆ ಚಾಚಿದ ಕೈ ಹಿಂದಕ್ಕೆ ತಗೊಂಡರು. "ನಾವೂ ಅವರ ಪೈಕಿನ ರೀ. ಹಂಗಾರ ಬೆಡಗು ನಡುವ ಎಲ್ಲೋ ಬದಲಾಗೇತಿ. ಮೂಲ ಒಂದ ಆತಲ್ಲ. ಅಣ್ಣಗ ತಂಗೀನ ಹೆಂಗ ತಗೊಳ್ಳೋದ್ರಿ?"

ನನ್ನ ತಲೆ ಗಿಮ್ಮೆಂದಿತು. ಅವರದೂ ಬಾಯಿಮಾತು, ನಮ್ಮದೂ ಬಾಯಿಮಾತು. ಎರಡು ಬಾಯಿಮಾತು ಕೂಡಿ ರಕ್ತಸಂಬಂಧ ಹೇಗಾಗುತ್ತದೆ? ಇಟಲಿಯವನ ಕಥೆ ಹೇಳಿ ಬಿಡಿಸಲು ಹೋದೆ. ಅಜ್ಜ ಪೂರ್ತಿ ಕೇಳಿ, "ಅವರ ಬೆಡಗು ಯಾವುದ್ರಿ?" ಎಂದರು. ಒಳಬಾಗಿಲಲ್ಲಿ ನಿಂತಿದ್ದ ಮಗಳ ಮುಖ ನೋಡಿದೆ.

ಅಪ್ಪನೂ ಅವಳನ್ನು ನೋಡಿದ. ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ನಾವು ಅರಸರ ಪೈಕಿ ಅಲ್ರಿ. ಮೊದಲಿಂದ ಒಕ್ಕಲುತನದವರು. ದೊಡ್ಡಸ್ತಿಕಿಗೆ ಸುಳ್ಳು ಹೇಳ್ಕೊಂತ ಬಂದೇನಿ. ಕದರಮಂಡಲಗಿ ಹಣಮಪ್ಪನ ಆಣಿ."

ಹಣಮಪ್ಪನ ಆಣೆ ಮಾಡಿದ ಮೇಲೆ ಯಾರು ಏನಂದಾರು? ಎಲೆಯಡಿಕೆ ಕೈ ಬದಲಾಯಿತು, ಮದುವೆಯೂ ಆಯಿತು. ಆದರೆ ಅಪ್ಪ ಸುಳ್ಳು ಹೇಳಿದ್ದು ಆ ದಿನವೋ, ಅದಕ್ಕೆ ಮೊದಲಿನ ಅಷ್ಟೂ ವರ್ಷವೋ, ನನಗೆ ಇಂದಿಗೂ ಬಗೆಹರಿದಿಲ್ಲ. ಕೇಳಿದರೆ ಮಾತು ಹಾರಿಸುತ್ತಾನೆ. ಈಗ ಅರಸರ ಸುದ್ದಿ ಎತ್ತದೆ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಾನೆ. ಅದನ್ನು ನೋಡಲು ನನಗೇ ಆಗುವುದಿಲ್ಲ.

ಮೊನ್ನೆ ತಾನಾಗಿಯೇ ಕೇಳಿದ, "ಆ ಇಟಲಿಯವ ಕಡೀಕ ಸುಳ್ಳಂತ ಒಪ್ಕೊಂಡನೇನ?"

"ಇಲ್ಲಪ್ಪ, ಸಾಯೂತನಕ ಬಿಡಲಿಲ್ಲ."

ಅಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ಅವಗ ಮೊಮ್ಮಗಳು ಇರಲಿಕ್ಕಿಲ್ಲ ಬಿಡು."