ಗೂಬೆಯ ಮೇಲಿನ ಗಾಯ

೨೦೦೬ರಲ್ಲಿ ನಾನು ಕುವೈತಿನ ಒಂದು ವಿಮಾ ಕಂಪನಿಯಲ್ಲಿ ಸರ್ವೇಯರ್. ಸಾಗಣೆಯಲ್ಲಿ ಹಾಳಾದ ಸಾಮಾನು ನೋಡಿ, ತಪ್ಪು ಯಾರದ್ದೆಂದು ವರದಿ ಕೊಡುವುದು ಕೆಲಸ. ಅಬು ಹಲೀಫಾ ಬಡಾವಣೆಯ ನನ್ನ ಮನೆಗೆ ಬೀಗ ಹಾಕಿ, ಲಿಫ್ಟ್ ಇಳಿದು, ಮತ್ತೆ ಹತ್ತಿ ಬೀಗ ಎಳೆದು ನೋಡುವ ನನ್ನಂಥವನಿಗೆ ಹೇಳಿ ಮಾಡಿಸಿದ ಉದ್ಯೋಗ.

ಕುವೈತಿ ಸಂಗ್ರಾಹಕರೊಬ್ಬರ ಪ್ರಾಚೀನ ಗ್ರೀಕ್ ಬೆಳ್ಳಿ ನಾಣ್ಯಗಳನ್ನು ಅವರ ಹೊಸ ಮನೆಗೆ ಸಾಗಿಸಲಾಗಿತ್ತು. ಅವರು ಪರದೇಶದಲ್ಲಿದ್ದರು. ಪೆಟ್ಟಿಗೆ ಬಿಚ್ಚಿದರೆ, ಅಥೆನ್ಸ್ ನಗರದ ಒಂದು ನಾಣ್ಯದಲ್ಲಿ ಅಚ್ಚೊತ್ತಿದ್ದ ಗೂಬೆಯ ಮೇಲೆ ಉಳಿಯಿಂದ ಹೊಡೆದಂಥ ಆಳವಾದ ಸೀಳು. ಮನೆಯ ಮ್ಯಾನೇಜರ್ ಗಾಬರಿಯಾಗಿ ನಮ್ಮನ್ನು ಕರೆಸಿದರು.

ನಾಣ್ಯ ಪ್ಯಾಕ್ ಮಾಡಿದವನು ಸಾಗಣೆ ಕಂಪನಿಯ ಹಮೀದ್, ನನ್ನಂತೆಯೇ ಬಂಟ್ವಾಳ ಕಡೆಯವನು, ಬ್ಯಾರಿ. ಅಬ್ಬಾಸಿಯಾ ಬಡಾವಣೆಯ ಬ್ಯಾಚುಲರ್ ರೂಮಿನಲ್ಲಿ ಅವನ ವಾಸ.

“ಹತ್ತಿಯಲ್ಲಿ ಸುತ್ತಿದ್ದು ಮಾತ್ರ ಸಾರ್. ಹುಟ್ಟಿದ ಮಗುವನ್ನು ಸುತ್ತಿದ ಹಾಗೆ ಸುತ್ತಿದ್ದೇನೆ ಮಾರಾಯ್ರೆ!”

ನಂಬಬೇಕೆನಿಸಿತು. ಆದರೆ ಊರಿನವನೆಂದು ಬಿಟ್ಟ ಅಂತ ಯಾರಾದರೂ ಅಂದರೆ? ಆ ಹೆದರಿಕೆಗೇ ಇನ್ನಷ್ಟು ಬಿಗಿಯಾದೆ. ಮಸೂರ ಹಿಡಿದು ನೋಡಿ, “ಪ್ಯಾಕಿಂಗ್ ವೇಳೆ ಹತಾರ ತಾಗಿದೆ” ಎಂದು ಅವನ ಕಂಪನಿಯವರೆಲ್ಲರೆದುರು ಹೇಳಿದೆ.

“ಖಲಾಸ್, ಇವನನ್ನು ಊರಿಗೆ ಕಳಿಸಿ” ಎಂದ ಅವನ ಸೂಪರ್‌ವೈಸರ್.

ಹಮೀದ್ ನನ್ನನ್ನೇ ನೋಡಿದ. ನಾನು ಮಸೂರ ಒರೆಸಿದೆ.

ಆ ವಾರವೇ ಸಂಗ್ರಾಹಕರು ಮರಳಿದರು. ನನ್ನನ್ನು ಕರೆಸಿ, ನಾಣ್ಯ ಕೈಗಿಟ್ಟು ನಕ್ಕರು. “ಉಸ್ತಾದ್, ಈ ಗಾಯ ನಿಮ್ಮ ಮುತ್ತಜ್ಜನಿಗಿಂತ ಹಳೆಯದು. ಸೀಳಿನ ಒಳಗೆ ನೋಡಿ.”

ಒಳಗೂ ನಾಣ್ಯದಷ್ಟೇ ಕಪ್ಪು. ಹೊಸ ಸೀಳಾಗಿದ್ದರೆ ಬೆಳ್ಳಿ ಹೊಳೆಯಬೇಕಿತ್ತು.

ಅಥೆನ್ಸ್ ತನ್ನ ಗಣಿಯ ಬೆಳ್ಳಿಯಿಂದ ಹಡಗುಪಡೆ ಕಟ್ಟಿದ ನಗರ, ಅದರ ಗೂಬೆ ನಾಣ್ಯ ಈಜಿಪ್ಟ್, ಸಿರಿಯಾವರೆಗೂ ಓಡುತ್ತಿತ್ತು ಎಂದು ಅವರು ವಿವರಿಸಿದರು. ಸ್ಪಾರ್ಟಾದೊಂದಿಗಿನ ಯುದ್ಧದಲ್ಲಿ ಗಣಿ ಕೈತಪ್ಪಿದಾಗ ಅದೇ ನಗರ ತಾಮ್ರಕ್ಕೆ ಬೆಳ್ಳಿ ಬಳಿದು ನಾಣ್ಯ ಹೊರಡಿಸಿತಂತೆ. ನಕಲಿ ಮಾಡುವವರಿಗಂತೂ ಬರವಿರಲಿಲ್ಲ. ಹಾಗಾಗಿ ದೂರದ ವ್ಯಾಪಾರಿಗಳು ಉಳಿ ಹೊಡೆದು ಒಳಗೆ ತಾಮ್ರವಿದೆಯೇ ಎಂದು ನೋಡಿಯೇ ತೆಗೆದುಕೊಳ್ಳುತ್ತಿದ್ದರು.

ನೇರ ಸಾಗಣೆ ಕಂಪನಿಯ ಗೋದಾಮಿಗೆ ಓಡಿದೆ. ಪುಣ್ಯಕ್ಕೆ ಹಮೀದನ ವೀಸಾ ಇನ್ನೂ ರದ್ದಾಗಿರಲಿಲ್ಲ. ಅದೇ ಜನರೆದುರು ತಪ್ಪು ನನ್ನದೆಂದೆ. ಆರೋಪ ಹೊರಿಸುವಾಗ ಇದ್ದ ಗಂಟಲು ಈಗ ಇರಲಿಲ್ಲ, ಸೂಪರ್‌ವೈಸರ್ “ಏನಂದ್ರಿ?” ಎಂದು ಮತ್ತೆ ಕೇಳಿದ. ಮತ್ತೆ ಹೇಳಬೇಕಾಯಿತು.

ಸಂಜೆ ಹಮೀದನಿಗೆ, “ಬಾ, ಕಾರಲ್ಲಿ ರೂಮಿಗೆ ಬಿಡ್ತೇನೆ” ಎಂದೆ.

“ಬೇಡ ಸಾರ್. ನಿಮ್ಮ ಕಾರಲ್ಲಿ ಎಲ್ಲಾದರೂ ಗೀರು ಕಂಡರೆ ನನಗೆ ಕಷ್ಟ” ಎಂದು ಬಸ್ ಸ್ಟಾಪಿನ ಕಡೆ ನಡೆದ.

ಈಗ ಸರ್ವೆಗೆ ಹೋದರೆ ಮೊದಲು ಗಾಯದ ವಯಸ್ಸು ನೋಡುತ್ತೇನೆ. ಎದುರಿಗೆ ನಿಂತವನು ಊರಿನವನಾದರೆ, ನನ್ನ ಹೆದರಿಕೆಯನ್ನೂ ಒಮ್ಮೆ ನೋಡಿಕೊಳ್ಳುತ್ತೇನೆ.